ತೆರೆಯ ಮೇಲಿನ ಖಾದಿಸಿಯ್ಯಾ

(ವಿಜಯನಗರದಲ್ಲಿ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



2023ರ ಮಾರ್ಚ್ ತಿಂಗಳನ್ನು ನಾವಾರೂ ಮರೆತಿಲ್ಲ. ವಿಧಾನಸಭಾ ಚುನಾವಣೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ಟಿಪ್ಪು ಸುಲ್ತಾನರನ್ನು ಕೊಂದವರು ಬ್ರಿಟಿಷರಲ್ಲ, ಉರಿಗೌಡ ಮತ್ತು ನಂಜೇಗೌಡರೆಂಬ ಒಕ್ಕಲಿಗ ವೀರರು ಎಂಬ ಕಥೆ ಊರೂರು ಸುತ್ತತೊಡಗಿತು. ಪಕ್ಕದ ರಾಜರಾಜೇಶ್ವರಿ ನಗರದ ಶಾಸಕರೂ ಆಗಿನ ಸಚಿವರೂ ಆಗಿದ್ದ ಮುನಿರತ್ನ ಅವರು ಅದನ್ನು ಚಲನಚಿತ್ರವಾಗಿಸಲು ಹೊರಟರು. ಟಿಪ್ಪು ಹುತಾತ್ಮರಾದದ್ದು 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಗೆ ಬ್ರಿಟಿಷ್ ಸೇನೆ ನುಗ್ಗಿದಾಗ. ಉಳಿದುದಕ್ಕೆ ದಾಖಲೆಯಿಲ್ಲ. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಆಧಾರವಿಲ್ಲದ ಈ ಕೆಲಸ ಬೇಡವೆಂದರು, ಚಿತ್ರ ನಿಂತಿತು. ಅವರ ಮಠದ ಶಾಖೆ ನಮ್ಮ ಈ ವಿಜಯನಗರದಲ್ಲೇ ಇದೆ. ಒಂದು ಸಮುದಾಯದ ಗುರುಗಳು ತಮ್ಮವರ ಹೊಗಳಿಕೆಯನ್ನೇ ಬೇಡವೆಂದ ಆ ಘಟನೆಯನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಇಂದು ನಾವು ಮಾತನಾಡಬೇಕಾಗಿರುವುದು ನಮ್ಮ ಕುರಿತು. ಅದೇ ಧೈರ್ಯ ನಮ್ಮಲ್ಲಿದೆಯೇ?

1980ರ ಸೆಪ್ಟೆಂಬರಿನಲ್ಲಿ ಸದ್ದಾಂ ಹುಸೈನ್ ಇರಾನಿನ ಮೇಲೆ ದಂಡೆತ್ತಿದರು. ಆ ಯುದ್ಧಕ್ಕೆ ಇರಾಕಿನ ಸರಕಾರವಿಟ್ಟ ಹೆಸರು 'ಸದ್ದಾಮನ ಖಾದಿಸಿಯ್ಯಾ'. ಮರುವರ್ಷ, 1981ರಲ್ಲಿ, ಸರಕಾರದ ಹಣದಿಂದಲೇ 'ಅಲ್ ಖಾದಿಸಿಯ್ಯಾ' ಎಂಬ ಭಾರೀ ಚಿತ್ರ ತೆರೆಕಂಡಿತು. ನಿರ್ದೇಶಿಸಿದವರು ಈಜಿಪ್ಟಿನ ಸಲಾಹ್ ಅಬೂ ಸೈಫ್. ಕೈರೋದ ಗಲ್ಲಿಗಳ ಬಡವರ ಬದುಕನ್ನು ಚಿತ್ರಿಸಿ ಹೆಸರಾಗಿದ್ದ ಕಲಾವಿದ. ಅಂಥವರ ಕೈಗೂ ಅರಮನೆ, ಆನೆ, ಕತ್ತಿಗಳು ಬಂದವು.

ಏಳನೆಯ ಶತಮಾನದ ಖಾದಿಸಿಯ್ಯಾದಲ್ಲಿ ಅರಬ್ ಮುಸ್ಲಿಮರು ಎದುರಿಸಿದ್ದು ಅಗ್ನಿಪೂಜಕ ಸಸಾನಿ ಸಾಮ್ರಾಜ್ಯವನ್ನು. 1980ರ ಇರಾನಿಗಳೋ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಅದೇ ಕಿಬ್ಲಾದತ್ತ ಮುಖ ಮಾಡಿದವರು. ಇರಾಕಿ ಸೈನಿಕರಲ್ಲಿ ಬಹುಪಾಲು ಜನ ಇರಾನಿಗಳಂತೆಯೇ ಶಿಯಾಗಳು. ಈ ಸತ್ಯವನ್ನು ಮರೆಸದೆ ಆ ಯುದ್ಧವನ್ನು ಪವಿತ್ರಗೊಳಿಸಲು ಸಾಧ್ಯವಿರಲಿಲ್ಲ; ಮರೆಸುವ ಹೊಣೆಯನ್ನು ಸಿನಿಮಾಕ್ಕೆ ವಹಿಸಲಾಯಿತು.

ನಮ್ಮನ್ನು ಅತ್ಯಂತ ನೋಯಿಸುವ ಸಂಗತಿ ಬೇರೆಯೇ ಇದೆ. ಖಾದಿಸಿಯ್ಯಾದ ಸೇನಾನಿ ಹ. ಸಅದ್ ಬಿನ್ ಅಬೀ ವಕ್ಕಾಸ್(ರ), ಜೀವಂತವಿರುವಾಗಲೇ ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲೊಬ್ಬರು. ಹ. ಉಸ್ಮಾನ್(ರ)ರ ಹತ್ಯೆಯ ಬಳಿಕ ಮುಸ್ಲಿಮರು ಪರಸ್ಪರ ಕತ್ತಿ ಹಿರಿದಾಗ ಅವರು ಯಾವ ಪಕ್ಷಕ್ಕೂ ಸೇರಲಿಲ್ಲ. ಜಮಲ್‌ಗೂ ಹೋಗಲಿಲ್ಲ, ಸಿಫ್ಫೀನ್‌ಗೂ ಹೋಗಲಿಲ್ಲ. ಸಹೋದರರ ಕಾಳಗದಿಂದ ಹೀಗೆ ದೂರವುಳಿದ ಆ ಸಹಾಬಿಯ ಪಾತ್ರವನ್ನು ನಟನೊಬ್ಬನಿಗೆ ಕೊಟ್ಟು, ಮುಸ್ಲಿಮರನ್ನು ಮುಸ್ಲಿಮರ ವಿರುದ್ಧ ಹುರಿದುಂಬಿಸಲಾಯಿತು. ಎಂಟು ವರ್ಷಗಳ ತರುವಾಯ ಯುದ್ಧ ನಿಂತಾಗ ಗಡಿ ಮೊದಲಿದ್ದಲ್ಲೇ ಇತ್ತು. ಲಕ್ಷಾಂತರ ಮಂದಿ ಇರಲಿಲ್ಲ.

ಇದು ಸದ್ದಾಮರ ಶೋಧನೆಯೇನಲ್ಲ. ಜರ್ಮನಿಯ ಗೋಬೆಲ್ಸ್ ನೆಪೋಲಿಯನ್ ಕಾಲದ ಮುತ್ತಿಗೆಯ ಕಥೆಯುಳ್ಳ 'ಕೋಲ್ಬರ್ಗ್' ಚಿತ್ರಕ್ಕಾಗಿ, ರಣರಂಗದಲ್ಲಿ ಆಳಿಲ್ಲದ ಹೊತ್ತಿನಲ್ಲಿ ಸೈನಿಕರನ್ನೇ ನಟಿಸಲು ಕರೆಸಿದ್ದ. 1945ರ ಜನವರಿ 30ರಂದು ಬಿಡುಗಡೆಯಾಯಿತು. ಮಾರ್ಚ್‌ನಲ್ಲಿ ನಿಜವಾದ ಕೋಲ್ಬರ್ಗ್ ಪಟ್ಟಣವೇ ಶತ್ರುವಿನ ವಶವಾಯಿತು. ಸೋವಿಯತ್ ರಷ್ಯದಲ್ಲಿ ಇನ್ನೂ ವಿಚಿತ್ರ. ಜರ್ಮನ್ ದಾಳಿಕೋರರನ್ನು ಸೋಲಿಸಿದ ರಾಜಕುಮಾರನ ಕುರಿತಾದ 1938ರ 'ಅಲೆಕ್ಸಾಂಡರ್ ನೆವ್‌ಸ್ಕಿ'ಯನ್ನು, 1939ರಲ್ಲಿ ಹಿಟ್ಲರನೊಂದಿಗೆ ಒಪ್ಪಂದವಾದೊಡನೆ ಚಿತ್ರಮಂದಿರಗಳಿಂದ ಹಿಂದೆಗೆದುಕೊಂಡರು. 1941ರಲ್ಲಿ ಹಿಟ್ಲರ್ ದಾಳಿ ಮಾಡಿದೊಡನೆ ಪುನಃ ತೋರಿಸಿದರು. ಚಿತ್ರ ಅದೇ, ಇತಿಹಾಸವೂ ಅದೇ. ಬದಲಾದದ್ದು ಆಳುವವರ ಅಗತ್ಯ.

ಈಗ ಮನೆಗೆ ಬರೋಣ. 1990ರಲ್ಲಿ ದೂರದರ್ಶನದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯನ್ನು ನಮ್ಮ ಹಿರಿಯರು ಅಕ್ಕಪಕ್ಕದವರೊಂದಿಗೆ ಕೂಡಿ ನೋಡಿದರು. ಅದು ಭಗವಾನ್ ಗಿಡ್ವಾಣಿಯವರ ಕಾದಂಬರಿಯನ್ನು ಆಧರಿಸಿತ್ತು. ಹಲವರು ಇಂದಿಗೂ ಅದನ್ನೇ ಚರಿತ್ರೆಯೆಂದು ಉಲ್ಲೇಖಿಸುತ್ತಾರೆ. ಇತ್ತೀಚೆಗೆ ಟರ್ಕಿಯ 'ಎರ್ತುಗ್ರುಲ್' ಉರ್ದುವಿನಲ್ಲಿ ನಮ್ಮ ಮನೆಗಳಿಗೆ ಬಂತು. ಅಶ್ಲೀಲತೆಯಿಲ್ಲ, ನಮಾಝ್ ಇದೆ, ಆದ್ದರಿಂದ ಮಕ್ಕಳು ನೋಡಲಿ ಎಂದೆವು. (ನಾವೂ ನಿದ್ದೆಗೆಟ್ಟು ನೋಡಿದವರೇ.) ಆದರೆ ಅದನ್ನು ಪ್ರಸಾರ ಮಾಡಿದ್ದು ಟರ್ಕಿಯ ಸರಕಾರಿ ವಾಹಿನಿ, ಎರ್ತುಗ್ರುಲ್‌ರ ಬಗ್ಗೆ ಸಮಕಾಲೀನ ದಾಖಲೆಗಳು ತೀರಾ ವಿರಳ ಎಂಬುದನ್ನು ಮಕ್ಕಳಿಗೆ ತಿಳಿಸಿದೆವೇ? ಉರಿಗೌಡರ ಕಥೆಗೆ ಪುರಾವೆ ಕೇಳಿದ ನಾವು ಇಲ್ಲಿ ಕೇಳಲಿಲ್ಲ.

ಮಗ್ರಿಬ್‌ನ ಸಮಯ ಸಮೀಪಿಸುತ್ತಿದೆ. ಹಿಂದಿನ ಸಾಲಿನ ಯುವಕರು ಏನನ್ನೋ ಕೇಳಲು ಬಯಸಿದಂತಿದೆ, ಬಹುಶಃ ಎರ್ತುಗ್ರುಲ್ ಪರವಾಗಿಯೇ. ನಮಾಝ್ ಮುಗಿಸಿ ಇಲ್ಲೇ ಕುಳಿತು ಮಾತನಾಡೋಣ.