ಕಟ್ಟಿದ ಹಾಡಿಗೆ ತನ್ನದೇ ದನಿ
(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



‘ಸಂಗೀತದಲ್ಲಿ ಮಹಿಳೆ’ ಎಂಬ ವಿಷಯ ಕೊಟ್ಟಿದ್ದೀರಿ. ಗಾಯಕಿಯರ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಹಾಡಿಗೆ ರಾಗ ಹಾಕುವ ಹೆಣ್ಣುಮಕ್ಕಳ ಬಗ್ಗೆ ಮಾತಾಡಿದ್ದು ಕಡಿಮೆ. ಅದಕ್ಕೇ ಇವತ್ತು ಅಮೆರಿಕದ ಕ್ಯಾರೊಲ್ ಕಿಂಗ್ ಅವರ ಒಂದು ಆಲ್ಬಂನ ಕಥೆ ಹೇಳುತ್ತೇನೆ. ಅದರ ಹೆಸರು ‘ಟ್ಯಾಪೆಸ್ಟ್ರಿ’. ಅಂದರೆ ಬಣ್ಣದ ನೂಲಿನಲ್ಲಿ ಚಿತ್ರ ನೇಯ್ದ ಬಟ್ಟೆ.

ಕ್ಯಾರೊಲ್ ಹುಟ್ಟಿದ್ದು 1942ರಲ್ಲಿ, ನ್ಯೂಯಾರ್ಕಿನಲ್ಲಿ. ಹದಿನೇಳಕ್ಕೆ ಮದುವೆ, ಹದಿನೆಂಟಕ್ಕೆ ಮಗಳು. ಗಂಡ ಜೆರ್ರಿ ಗಾಫಿನ್ ಸಾಹಿತ್ಯ ಬರೆದರೆ ಇವರು ಪಿಯಾನೊ ಮುಂದೆ ಕೂತು ರಾಗ ಹಾಕುತ್ತಿದ್ದರು. ಇಬ್ಬರೂ ಸೇರಿ ಕಟ್ಟಿದ ‘ವಿಲ್ ಯು ಲವ್ ಮಿ ಟುಮಾರೊ’ ಹಾಡನ್ನು ಶಿರೆಲ್ಸ್ ಎಂಬ ಹುಡುಗಿಯರ ತಂಡ ಹಾಡಿತು. 1961ರಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1967ರಲ್ಲಿ ಅರೀತಾ ಫ್ರಾಂಕ್ಲಿನ್ ಹಾಡಿದ ‘ನ್ಯಾಚುರಲ್ ವುಮನ್’ನ ರಾಗವೂ ಇವರದೇ. ಕೇಳಿದವರಿಗೆಲ್ಲ ಹಾಡಿದವರ ಹೆಸರು ಗೊತ್ತು. ರಾಗ ಹಾಕಿದಾಕೆಯ ಹೆಸರು ಮಾತ್ರ ರೆಕಾರ್ಡಿನ ಲೇಬಲ್ಲಿನ ಮೇಲೆ, ಸಣ್ಣ ಅಕ್ಷರದಲ್ಲಿ.

ಮುಂದೆ ಆ ಮದುವೆ ಮುರಿಯಿತು. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಅವರು ಲಾಸ್ ಏಂಜಲೀಸ್‌ಗೆ ಬಂದರು. ವೇದಿಕೆ ಏರಲು ಅಳುಕು. 1970ರಲ್ಲಿ ಬಂದ ಮೊದಲ ಸೋಲೊ ಆಲ್ಬಂ ‘ರೈಟರ್’ ಹೆಚ್ಚು ಮಾರಾಟವಾಗಲಿಲ್ಲ. ಆದರೂ 1971ರ ಜನವರಿಯಲ್ಲಿ ಮತ್ತೆ ಸ್ಟುಡಿಯೊಗೆ ಹೋದರು.

ಸೋಲೊ ಎಂದರೆ ಒಂಟಿ ಎಂದಲ್ಲ, ಗಮನಿಸಿ. ಹನ್ನೆರಡು ಹಾಡುಗಳಲ್ಲಿ ಏಳನ್ನು ಸಾಹಿತ್ಯ, ಸಂಗೀತ ಎರಡನ್ನೂ ಸೇರಿಸಿ ಅವರೊಬ್ಬರೇ ಬರೆದರು. ಎರಡಕ್ಕೆ ಟೋನಿ ಸ್ಟರ್ನ್ ಎಂಬ ಕವಯಿತ್ರಿಯ ಸಾಹಿತ್ಯ. ಉಳಿದ ಮೂರು ಗಾಫಿನ್ ಜೊತೆ ಸೇರಿ ಕಟ್ಟಿದವು. ಗಿಟಾರಿಗೆ ಡ್ಯಾನಿ ಕೊರ್ಚ್‌ಮಾರ್ ಮತ್ತು ಜೇಮ್ಸ್ ಟೇಲರ್, ಬಾಸ್‌ಗೆ ಚಾರ್ಲ್ಸ್ ಲಾರ್ಕಿ. ಅದೇ ಕಟ್ಟಡದಲ್ಲಿ ಜೋನಿ ಮಿಚೆಲ್ ತಮ್ಮ ‘ಬ್ಲೂ’ ಆಲ್ಬಂ ಮಾಡುತ್ತಿದ್ದರು. ಅವರೂ ಬಂದು ಹಿನ್ನೆಲೆ ದನಿ ಕೊಟ್ಟರು. ಆದರೆ ನಿರ್ಮಾಪಕ ಲೂ ಆಡ್ಲರ್ ಪಿಯಾನೊ ಮತ್ತು ಕ್ಯಾರೊಲ್ ದನಿಯನ್ನೇ ಮುಂದಿಟ್ಟರು. ನಮ್ಮ ಮನೆಯ ನಡುಮನೆಯಲ್ಲೇ ಕೂತು ಹಾಡಿದ ಹಾಗಿದೆ. ಪಕ್ಕವಾದ್ಯ ಅಂದರೆ ಹಾಗೆ: ಆಸರೆಯಾಗಬೇಕು, ಮರೆಯಾಗಿ ನಿಲ್ಲಬಾರದು.

‘ವಿಲ್ ಯು ಲವ್ ಮಿ ಟುಮಾರೊ’ ಹಾಡನ್ನು ಎರಡೂ ಸಲ ಕೇಳಿ. ಶಿರೆಲ್ಸ್ ಹಾಡಿದಾಗ ಅದು ಹದಿಹರೆಯದ ಹುಡುಗಿಯ ಪ್ರಶ್ನೆ. ಹತ್ತು ವರ್ಷದ ನಂತರ ಕ್ಯಾರೊಲ್ ಅದನ್ನೇ ವಿಳಂಬದಲ್ಲಿ ಹಾಡಿದರು. ನಾಳೆ ಏನಾಯಿತೆಂದು ಬಲ್ಲ ಹೆಂಗಸು ಕೇಳುವಾಗ ಅದೇ ಮಾತಿನ ತೂಕ ಬೇರೆ. ಅಷ್ಟು ನುಣುಪಿಲ್ಲದ ಆ ಕಂಠಕ್ಕೆ ಮಾತ್ರ ಸಾಧ್ಯವಾದದ್ದು ಅದು.

ಅವರ 29ನೇ ಹುಟ್ಟುಹಬ್ಬದ ಮರುದಿನ ಆಲ್ಬಂ ಹೊರಬಂತು. 15 ವಾರ ಮೊದಲ ಸ್ಥಾನದಲ್ಲಿತ್ತು. 1972ರಲ್ಲಿ ನಾಲ್ಕು ಗ್ರ್ಯಾಮಿ ಪ್ರಶಸ್ತಿ ಬಂದವು. ಸಮಾರಂಭಕ್ಕೆ ಅವರು ಹೋಗಲಿಲ್ಲ, ಮನೆಯಲ್ಲಿ ಎಳೆಗೂಸಿತ್ತು. ಅದರ ‘ಯು ಹ್ಯಾವ್ ಗಾಟ್ ಎ ಫ್ರೆಂಡ್’ ಹಾಡನ್ನು ಜೇಮ್ಸ್ ಟೇಲರ್ ತಮ್ಮ ಆಲ್ಬಂನಲ್ಲೂ ಹಾಡಿದರು, ಅವರಿಗೂ ಗ್ರ್ಯಾಮಿ ಬಂತು. ಹಂಚಿಕೊಂಡದ್ದರಿಂದ ಇಬ್ಬರಿಗೂ ಕಡಿಮೆಯಾಗಲಿಲ್ಲ.

ಈಗ ನಮ್ಮ ಮಾತು. ರಾಜ್ಯೋತ್ಸವಕ್ಕೆ, ದಸರೆಗೆ ನಾನೂ ಎಷ್ಟೋ ಭಾವಗೀತೆಗಳಿಗೆ ರಾಗ ಹಾಕಿ ಹುಡುಗಿಯರಿಗೆ ಕಲಿಸಿದ್ದೇನೆ. ಈ ಸಭೆಯಲ್ಲೂ ಹಾಗೆ ಮಾಡುವವರು ಮೂರು ನಾಲ್ಕು ಮಂದಿ ಇದ್ದೀರಿ. ಕಾರ್ಯಕ್ರಮ ಪಟ್ಟಿಯಲ್ಲಿ ‘ಸಮೂಹ ಗಾಯನ’ ಅಂತಷ್ಟೇ ಇರುತ್ತದೆ. ಮೊದಲನೆಯದಾಗಿ, ಇನ್ನು ಮುಂದೆ ರಾಗ ಹಾಕಿದವರ ಹೆಸರೂ ಅಲ್ಲಿ ಬರಲಿ. ಎರಡನೆಯದು, ನನಗೆ ಐವತ್ತೆಂಟಾಯಿತು, ಕಂಠ ಮೊದಲಿನಂತಿಲ್ಲ. ಆದರೂ ನನ್ನ ಎಂಟು ಹಾಡುಗಳನ್ನು ಈ ವರ್ಷ ನಾನೇ ಹಾಡಿ ರೆಕಾರ್ಡ್ ಮಾಡಿಸಬೇಕೆಂದಿದ್ದೇನೆ. ತಬಲಾ, ಹಾರ್ಮೋನಿಯಂ, ಕೊಳಲು ಬಲ್ಲವರು, ದನಿಗೂಡಿಸುವವರು ಜೊತೆಗೆ ಬನ್ನಿ. ನಿಮ್ಮ ಆಲ್ಬಂಗೆ ನಾನು ಬರುತ್ತೇನೆ, ತಂಬೂರಿ ಹಿಡಿದಾದರೂ ಕೂರುತ್ತೇನೆ.