ಮಗುವಿನ ಚಿಕಿತ್ಸೆ: ತೀರ್ಮಾನ ಯಾರದು?

(ಹಳೇಕೋಟೆಯಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ವಾರ್ಷಿಕ ಸಮಾರಂಭ ಎಂದರೆ ಬಹುಮಾನ, ಅಂಕ, ಕಾಲೇಜು ಪ್ರವೇಶದ ಮಾತು ವಾಡಿಕೆ. ಅದನ್ನು ಇಂದು ಹಿರಿಯರು ಆಗಲೇ ಆಡಿದ್ದಾರೆ. ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಒಂದು ಮಗು ಸಾವು ಬದುಕಿನ ನಡುವೆ ಮಲಗಿರುವಾಗ ಅದಕ್ಕೆ ಯಾವ ಚಿಕಿತ್ಸೆ, ಎಲ್ಲಿ ಚಿಕಿತ್ಸೆ, ಎಲ್ಲಿಯವರೆಗೆ ಚಿಕಿತ್ಸೆ ಎಂದು ತೀರ್ಮಾನಿಸಬೇಕಾದವರು ಯಾರು? ವಿಷಯ ಕಹಿಯಾದದ್ದು, ಸಮಾರಂಭಕ್ಕೆ ಒಪ್ಪುವಂಥದ್ದಲ್ಲ ಎಂದು ಅನ್ನಿಸಬಹುದು. ಆದರೆ ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ, ನೆಮ್ಮದಿಯಾಗಿ ಕುಳಿತಿರುವ ಹೊತ್ತಿನಲ್ಲೇ ಇಂಥ ಮಾತು ಆಡಿಕೊಳ್ಳುವುದು ಒಳ್ಳೆಯದು.

ನಾವು ಶಿಕ್ಷಕರು ಅಂಕಪಟ್ಟಿಯ ಮೇಲೆ 'ಪೋಷಕರ ಸಹಿ' ಕೇಳುತ್ತೇವೆ. ಆಸ್ಪತ್ರೆಯಲ್ಲೂ ಅದೇ ಸಹಿ ಕೇಳುತ್ತಾರೆ. ಉರ್ದುವಿನಲ್ಲಿ ಈ ಪೋಷಕನಿಗೆ 'ವಲೀ' ಎನ್ನುತ್ತೇವೆ. ಅರಬ್ಬಿ ಮೂಲದಲ್ಲಿ ಆ ಪದಕ್ಕೆ 'ಹತ್ತಿರದವನು' ಎಂಬ ಅರ್ಥವೂ ಇದೆ. ಹತ್ತಿರ ಇರುವವನು, ಕಾಯುವವನು ವಲೀ. ಮಗು ನಮಗೆ ಅಮಾನತ್ತು, ನಮ್ಮ ಆಸ್ತಿಯಲ್ಲ. ಈ ಎರಡು ಪದಗಳನ್ನು ನೆನಪಿಟ್ಟುಕೊಂಡರೆ ನಾನು ಹೇಳಬೇಕೆಂದಿರುವುದರ ಅರ್ಧ ಭಾಗ ಹೇಳಿದಂತಾಯಿತು.

ನಮ್ಮ ಕಡೆ ಸಾಮಾನ್ಯವಾಗಿ ಏನು ನಡೆಯುತ್ತದೆ ನೋಡೋಣ. ಮಗುವಿಗೆ ಖಾಯಿಲೆ ಹೆಚ್ಚಾಗುತ್ತದೆ. ಹೊಳೆನರಸೀಪುರದಲ್ಲಿ ತೋರಿಸಿ, ಹಾಸನಕ್ಕೆ ಕರೆದೊಯ್ದು, ಅಲ್ಲಿಂದ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ತೀವ್ರ ನಿಗಾ ಘಟಕದ ಹೊರಗೆ ಹತ್ತು ಜನ ಸೇರುತ್ತಾರೆ. ವೈದ್ಯರು 'ಮನೆಯವರು ಯಾರು?' ಎಂದಾಗ ದಾದಾ ಒಳಗೆ ಹೋಗುತ್ತಾರೆ, ಚಾಚಾ ಹೋಗುತ್ತಾರೆ, ಊರಿನ ಮುಖಂಡರೊಬ್ಬರು ಹೋಗುತ್ತಾರೆ. ರಿಯಾದಿನಿಂದಲೋ ದುಬೈಯಿಂದಲೋ ಮಾಮೂ ಫೋನಿನಲ್ಲಿ ಸಲಹೆ ಕೊಡುತ್ತಾರೆ. ಮಗುವನ್ನು ಹೆತ್ತು, ಹಗಲು ರಾತ್ರಿ ನೋಡಿಕೊಂಡ ತಾಯಿ ಮೂಲೆಯಲ್ಲಿ ತಸ್ಬೀಹ್ ಹಿಡಿದು ಕುಳಿತಿರುತ್ತಾಳೆ. 'ಅವಳಿಗೆ ಹೇಳಬೇಡಿ, ತಡೆದುಕೊಳ್ಳುವುದಿಲ್ಲ' ಎಂದು ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಕೊನೆಗೆ ಬಿಲ್ಲು ಯಾರು ಕಟ್ಟುತ್ತಾರೋ ಅವರ ಮಾತೇ ತೀರ್ಮಾನವಾಗುತ್ತದೆ. ಹಣ ಮುಗಿದ ದಿನ ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ ತಂದೆ ಸಹಿ ಹಾಕಿ ಮಗುವನ್ನು ಮನೆಗೆ ತರುತ್ತಾನೆ. ಅಲ್ಲಿ ತೀರ್ಮಾನ ಮಾಡಿದ್ದು ತಂದೆಯೂ ಅಲ್ಲ, ವೈದ್ಯರೂ ಅಲ್ಲ. ತೀರ್ಮಾನ ಮಾಡಿದ್ದು ಬಿಲ್ಲು.

ಈ ಪ್ರಶ್ನೆ ಇಂಗ್ಲೆಂಡಿನಲ್ಲಿ ಬೇರೆ ರೂಪದಲ್ಲಿ ಎದ್ದಿತು. 2017ರಲ್ಲಿ ಚಾರ್ಲಿ ಗಾರ್ಡ್ ಎಂಬ ಹಸುಗೂಸಿನ ವಿಷಯ ಜಗತ್ತಿಗೆಲ್ಲ ತಿಳಿಯಿತು. ಆ ಮಗುವಿಗೆ ಅಪರೂಪದ ಆನುವಂಶಿಕ ಖಾಯಿಲೆ. ಅಮೆರಿಕದಲ್ಲಿ ಪ್ರಯೋಗಾತ್ಮಕ ಚಿಕಿತ್ಸೆ ಕೊಡಿಸಲು ತಂದೆ ತಾಯಿ ಸಾರ್ವಜನಿಕರಿಂದ ದೊಡ್ಡ ಮೊತ್ತ ಸಂಗ್ರಹಿಸಿದ್ದರು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ವೈದ್ಯರು ಅದರಿಂದ ಮಗುವಿಗೆ ಪ್ರಯೋಜನವಿಲ್ಲ, ಕಷ್ಟ ಮಾತ್ರ ಹೆಚ್ಚುತ್ತದೆ ಎಂದರು. ನ್ಯಾಯಾಲಯಗಳು ವೈದ್ಯರ ಮಾತನ್ನು ಒಪ್ಪಿದವು. ಜುಲೈ 28ರಂದು, ಒಂದು ವರ್ಷ ತುಂಬುವ ಮೊದಲೇ ಮಗು ತೀರಿಕೊಂಡಿತು.

ಎರಡು ವರ್ಷಗಳ ನಂತರ, 2019ರಲ್ಲಿ, ತಫೀದಾ ರಕೀಬ್ ಎಂಬ ಐದು ವರ್ಷದ ಮುಸ್ಲಿಂ ಬಾಲಕಿಯ ಮೊಕದ್ದಮೆ ಬಂದಿತು. ಮೆದುಳಿನಲ್ಲಿ ರಕ್ತಸ್ರಾವವಾಗಿ ಆಕೆ ಪ್ರಜ್ಞೆ ಕಳೆದುಕೊಂಡಿದ್ದಳು. ರಾಯಲ್ ಲಂಡನ್ ಆಸ್ಪತ್ರೆಯವರು ವೆಂಟಿಲೇಟರ್ ಮುಂದುವರಿಸುವುದು ಅವಳ ಹಿತಕ್ಕಲ್ಲ ಎಂದರು. ತಂದೆ ತಾಯಿ ಇಟಲಿಯ ಜಿನೋವಾ ನಗರದ ಗಸ್ಲೀನಿ ಮಕ್ಕಳ ಆಸ್ಪತ್ರೆಗೆ ಕರೆದೊಯ್ಯಲು ಅನುಮತಿ ಕೇಳಿದರು. ಅಕ್ಟೋಬರ್ 3ರಂದು ನ್ಯಾಯಮೂರ್ತಿ ಮ್ಯಾಕ್‌ಡೊನಾಲ್ಡ್ ಅನುಮತಿ ನೀಡಿದರು. ಮಗುವಿಗೆ ನೋವು ಇಲ್ಲವೆಂಬುದನ್ನೂ, ಚಿಕಿತ್ಸೆ ಕೊಡಲು ಇನ್ನೊಂದು ಒಳ್ಳೆಯ ಆಸ್ಪತ್ರೆ ಸಿದ್ಧವಿದೆ ಎಂಬುದನ್ನೂ, ಆ ಮನೆಯ ಧರ್ಮಶ್ರದ್ಧೆಯನ್ನೂ ಅವರು ಗಣನೆಗೆ ತೆಗೆದುಕೊಂಡರು. 2020ರ ಜನವರಿಯಲ್ಲಿ ಆಕೆ ಜಿನೋವಾದಲ್ಲಿ ತೀವ್ರ ನಿಗಾ ಘಟಕದಿಂದ ಹೊರಬಂದಳು.

ಎರಡು ಮೊಕದ್ದಮೆ, ಎರಡು ಬಗೆಯ ತೀರ್ಪು. ಆದರೆ ಎರಡರಲ್ಲೂ ನ್ಯಾಯಾಲಯ ಕೇಳಿದ ಪ್ರಶ್ನೆ ಒಂದೇ. ತಂದೆ ತಾಯಿಯ ಆಸೆ ಏನು, ಆಸ್ಪತ್ರೆಯ ಅನುಕೂಲ ಏನು ಎಂದಲ್ಲ, ಈ ಮಗುವಿನ ಹಿತ ಯಾವುದು ಎಂದು.

ಇದು ಪರದೇಶದ ನೀತಿ, ನಮ್ಮ ದೀನಿಗೆ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1992ರ ಮೇ ತಿಂಗಳಲ್ಲಿ ಜಿದ್ದಾದಲ್ಲಿ ನಡೆದ ಏಳನೇ ಅಧಿವೇಶನದಲ್ಲಿ ವೈದ್ಯಕೀಯ ಚಿಕಿತ್ಸೆಯ ಬಗ್ಗೆ ಒಂದು ನಿರ್ಣಯ ಮಾಡಿತು. ಅದರ ಸಾರಾಂಶ ಇಷ್ಟು: ಪ್ರೌಢನಾದ ರೋಗಿಯ ಒಪ್ಪಿಗೆ ಅವನದೇ. ಮಗುವಿನ ವಿಷಯದಲ್ಲಿ ವಲೀಯ ಒಪ್ಪಿಗೆ ಬೇಕು. ಆದರೆ ವಲೀಯ ಅಧಿಕಾರ ಮಗುವಿಗೆ ಒಳಿತು ಮಾಡುವಷ್ಟಕ್ಕೆ ಮಾತ್ರ. ಮಗುವಿಗೆ ಹಾನಿಯಾಗುವುದು ಸ್ಪಷ್ಟವಾಗಿರುವಾಗ ವಲೀ ಚಿಕಿತ್ಸೆ ಬೇಡವೆಂದರೆ ಅವನ ಮಾತಿಗೆ ಬೆಲೆಯಿಲ್ಲ. ಆ ಹಕ್ಕು ಇತರ ವಲೀಗಳಿಗೆ, ಕೊನೆಗೆ ಆಳುವವರಿಗೆ ಹೋಗುತ್ತದೆ. ಪ್ರಾಣಾಪಾಯದ ತುರ್ತಿನಲ್ಲಿ ಯಾರ ಅನುಮತಿಗೂ ಕಾಯಬೇಕಾಗಿಲ್ಲ.

ನಮ್ಮ ದೇಶದ ಕಾನೂನನ್ನು ನೋಡಿದರೂ ಇದೇ ದಾರಿ ಕಾಣುತ್ತದೆ. 1860ರ ದಂಡ ಸಂಹಿತೆಯ 89ನೇ ಕಲಮು 12 ವರ್ಷದೊಳಗಿನ ಮಗುವಿನ ಪರವಾಗಿ ಪೋಷಕರ ಒಪ್ಪಿಗೆಯನ್ನು ಮಾನ್ಯ ಮಾಡಿತ್ತು, ಅದೂ ಮಗುವಿನ ಹಿತಕ್ಕಾಗಿ, ಸದ್ಭಾವನೆಯಿಂದ ಮಾಡುವ ಕೆಲಸಕ್ಕೆ. 92ನೇ ಕಲಮಿನಲ್ಲಿ ಒಂದು ಉದಾಹರಣೆ ಇತ್ತು. ಅಪಘಾತಕ್ಕೆ ಸಿಕ್ಕ ಮಗು, ಕೂಡಲೇ ಶಸ್ತ್ರಚಿಕಿತ್ಸೆ ಮಾಡದಿದ್ದರೆ ಸಾಯುತ್ತದೆ, ಪೋಷಕರನ್ನು ಕೇಳಲು ಸಮಯವಿಲ್ಲ. ಆಗ ವೈದ್ಯ ಶಸ್ತ್ರಚಿಕಿತ್ಸೆ ಮಾಡಿದರೆ ಅದು ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ 27 ಮತ್ತು 30ನೇ ಕಲಮುಗಳಾಗಿ ಇವು ಉಳಿದಿವೆ. ತುರ್ತಿನಲ್ಲಿ ಬಂದ ರೋಗಿಯ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯನ ಕರ್ತವ್ಯ ಎಂದು 1989ರಲ್ಲಿ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಹಾಗಾದರೆ ತೀರ್ಮಾನ ಯಾರದು? ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ.

ಖಾಯಿಲೆ ಏನು, ಗುಣವಾಗುವ ಸಾಧ್ಯತೆ ಎಷ್ಟು ಎಂಬುದನ್ನು ಹೇಳಬೇಕಾದವರು ವೈದ್ಯರು. ಅದು ತಿಳಿದವರ ಕೆಲಸ. ತಿಳಿದ ಮೇಲೆ ಒಪ್ಪಿಗೆ ಕೊಡುವ ಹಕ್ಕು ತಂದೆ ತಾಯಿ ಇಬ್ಬರದು. ಒಬ್ಬರದಲ್ಲ. ನಮ್ಮ ಶರೀಅತ್ತಿನಲ್ಲಿ ಎಳೆಯ ಮಗುವಿನ ಪಾಲನೆ, ಅಂದರೆ ಹಿಝಾನತ್, ಮೊದಲು ತಾಯಿಯ ಹಕ್ಕು. ಹಾಲು ಕುಡಿಸಲು, ರಾತ್ರಿ ಎದ್ದಿರಲು ತಾಯಿ ಬೇಕು, ವೈದ್ಯರ ಮಾತು ಕೇಳಲು ಮಾತ್ರ ಬೇಡ ಎಂದರೆ ಅದು ಯಾವ ನ್ಯಾಯ? ಮಗು ಯಾವಾಗ ನೋವಿನಿಂದ ಅಳುತ್ತದೆ, ಯಾವಾಗ ಹಸಿವಿನಿಂದ ಅಳುತ್ತದೆ ಎಂದು ಹತ್ತು ಜನ ಗಂಡಸರಿಗೆ ಗೊತ್ತಾಗದ್ದು ಅವಳಿಗೆ ಗೊತ್ತು. ಸತ್ಯವನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿಲ್ಲ ಎಂದು ನಾವೇ ನಿರ್ಧರಿಸುವುದು ತಪ್ಪು. ನಾಳೆ ಆ ಮಗು ಉಳಿದರೂ, ಅಲ್ಲಾಹನ ಕಡೆಗೆ ಮರಳಿದರೂ, ಆ ತೀರ್ಮಾನದ ಭಾರವನ್ನು ಜೀವಮಾನವಿಡೀ ಹೊರುವವಳು ಅವಳೇ.

ಮಗುವಿಗೆ ತಿಳುವಳಿಕೆ ಬಂದಿದ್ದರೆ ಅದರ ಮಾತನ್ನೂ ಕೇಳಬೇಕು. ಎಂಟನೇ ತರಗತಿಯ ಹುಡುಗನಿಗೆ ತನ್ನ ದೇಹಕ್ಕೆ ಏನಾಗುತ್ತಿದೆ ಎಂದು ಅರ್ಥವಾಗುತ್ತದೆ. ಯಾರ ಪಾಲನೆಯಲ್ಲಿ ಇರಬೇಕು ಎಂಬ ವಿಷಯದಲ್ಲೇ ತಿಳುವಳಿಕೆ ಬಂದ ಮಗುವಿನ ಇಷ್ಟವನ್ನು ಗಮನಿಸಬಹುದೆಂದು 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆ ಹೇಳುತ್ತದೆ. ಪ್ರಾಣದ ವಿಷಯದಲ್ಲಿ ಬೇಡವೇ?

ದಾದಾ, ಚಾಚಾ, ಇಮಾಮ್ ಸಾಹೇಬರು, ಸಂಘದವರು ಮಷ್ವರಾ ಕೊಡಲಿ. ಮಷ್ವರಾ ನಮ್ಮಲ್ಲಿ ದೊಡ್ಡ ಗುಣ. ಆದರೆ ಮಷ್ವರಾ ಬೇರೆ, ತೀರ್ಪು ಬೇರೆ. ಹಣ ಕೊಟ್ಟವರಿಗೆ ಪುಣ್ಯ ಸಿಗುತ್ತದೆ, ಮಗುವಿನ ಮೇಲೆ ಅಧಿಕಾರ ಸಿಗುವುದಿಲ್ಲ.

ಇದಕ್ಕೆ ಒಂದು ಆಕ್ಷೇಪಣೆ ಇದೆ, ಅದು ತೂಕದ ಆಕ್ಷೇಪಣೆಯೇ. 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂದ ಹಾಗೆ, ಪ್ರೀತಿಯಲ್ಲಿ ಮುಳುಗಿದವರಿಗೆ ಸರಿಯಾಗಿ ಯೋಚಿಸಲು ಆಗುತ್ತದೆಯೇ? ಕೆಲವು ಸಲ ಆಗುವುದಿಲ್ಲ. ಅದಕ್ಕಾಗಿಯೇ ಅವರಿಗೆ ಪೂರ್ಣ ಮಾಹಿತಿ ಬೇಕು. ಯಾವ ಚಿಕಿತ್ಸೆ, ಏಕೆ, ಬೇರೆ ದಾರಿ ಇದೆಯೇ, ಅಪಾಯವೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದು 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತಿಳಿಸಿದೆ. ಮೂರು ಮಾತು ಹೇಳಿ ನಾಲ್ಕು ಕಡೆ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಸಂಶಯವಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಬಹುದು. ಅದಕ್ಕೆ ಬೇಕಾದ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲಿದೆ. ಇಷ್ಟಾದ ಮೇಲೂ ವೈದ್ಯರಿಗೂ ಪೋಷಕರಿಗೂ ಹೊಂದಾಣಿಕೆ ಆಗದಿದ್ದರೆ ಹೈಕೋರ್ಟಿನ ಬಾಗಿಲು ಇದೆ.

ಇನ್ನು ಅತ್ಯಂತ ಕಷ್ಟದ ಪ್ರಶ್ನೆ. ಗುಣವಾಗುವ ಆಸೆಯೇ ಇಲ್ಲದಾಗ ಯಂತ್ರ ನಿಲ್ಲಿಸಬಹುದೇ? ಮೆದುಳಿನ ಕೆಲಸ ಪೂರ್ತಿ ನಿಂತು, ಅದು ಮರಳಿ ಬರುವಂತಿಲ್ಲ ಎಂದು ತಜ್ಞ ವೈದ್ಯರು ನಿರ್ಧರಿಸಿದರೆ ಯಂತ್ರ ತೆಗೆಯಬಹುದು ಎಂದು ಅದೇ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನಿನಲ್ಲಿ ನಿರ್ಣಯಿಸಿತು. ಉಲೇಮಾಗಳಲ್ಲಿ ಭಿನ್ನ ಅಭಿಪ್ರಾಯಗಳೂ ಇವೆ, ಆದ್ದರಿಂದ ನಿಮ್ಮ ಮುಫ್ತಿಗಳನ್ನು ಕೇಳಿ. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ತೀರ್ಪು ನೀಡಿ, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಅದರಂತೆ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಆಸ್ಪತ್ರೆಯ ಮೊದಲ ಮಂಡಳಿಯಲ್ಲಿ ಮೂವರು ವೈದ್ಯರು, ಎರಡನೆಯ ಮಂಡಳಿಯಲ್ಲಿ ಬೇರೆ ಮೂವರು ಪರೀಕ್ಷಿಸಿ ಒಪ್ಪಬೇಕು. ಮನೆಯವರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮುಂಚಿತವಾಗಿ ಉಯಿಲಿನಂತೆ ಬರೆದಿಡುವ ಹಕ್ಕು ವಯಸ್ಕರಿಗೆ ಮಾತ್ರ ಇರುವುದರಿಂದ ಮಗುವಿನ ವಿಷಯದಲ್ಲಿ ಪೋಷಕರೇ ಮಾತನಾಡಬೇಕಾಗುತ್ತದೆ. ಇದು ವಿಷ ಕೊಟ್ಟು ಸಾಯಿಸುವುದಲ್ಲ. ಅದಕ್ಕೆ ನಮ್ಮ ಧರ್ಮದಲ್ಲೂ ಕಾನೂನಿನಲ್ಲೂ ಅವಕಾಶವಿಲ್ಲ. ಯಂತ್ರ ನಿಲ್ಲಿಸಿದ ಮೇಲೂ ನೋವು ಕಡಿಮೆ ಮಾಡುವ ಆರೈಕೆ ಮುಂದುವರಿಯಬೇಕು.

ಈ ಕ್ರಮಕ್ಕೂ, ಹಣವಿಲ್ಲದೆ ಮಗುವನ್ನು ಎತ್ತಿಕೊಂಡು ಬರುವುದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಮೊದಲನೆಯದರಲ್ಲಿ ಆರು ವೈದ್ಯರು ಆಸೆಯಿಲ್ಲ ಎಂದಿರುತ್ತಾರೆ. ಎರಡನೆಯದರಲ್ಲಿ ಆಸೆ ಇದ್ದರೂ ಜೇಬು ಇಲ್ಲ ಎಂದಿರುತ್ತದೆ. ಎರಡನ್ನೂ 'ಅಲ್ಲಾಹನ ಇಚ್ಛೆ' ಎಂದು ಒಂದೇ ಮಾತಿನಲ್ಲಿ ಮುಗಿಸಬಾರದು. ಒಂಟೆಯನ್ನು ಕಟ್ಟಿದ ನಂತರವೇ ತವಕ್ಕುಲ್ ಎಂಬುದನ್ನು ಮಕ್ತಬಿನಲ್ಲಿ ನಾವೆಲ್ಲ ಕಲಿತಿದ್ದೇವೆ.

ಒಂಟೆ ಕಟ್ಟುವ ಹಗ್ಗ ಇಲ್ಲದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ತಪಾಸಣೆ ಮಾಡುತ್ತದೆ. ಹುಟ್ಟಿನಿಂದ ಹೃದಯದಲ್ಲಿ ರಂಧ್ರವಿರುವ ಮಗುವನ್ನು ಗುರುತಿಸಿ, ಮುಂದಿನ ಚಿಕಿತ್ಸೆಗೆ ಚೀಟಿ ಬರೆದುಕೊಡುತ್ತದೆ. ಎಷ್ಟೋ ಮನೆಗಳಲ್ಲಿ ಆ ಚೀಟಿ ಗೂಡಿನಲ್ಲೇ ಉಳಿಯುತ್ತದೆ. ಹೆಣ್ಣು ಮಗುವಾದರಂತೂ 'ಎದೆಯ ಮೇಲೆ ಗಾಯದ ಗುರುತು ಉಳಿದರೆ ನಾಳೆ ನಿಖಾಹ್ ಹೇಗೆ?' ಎಂಬ ಮಾತು ಬರುತ್ತದೆ. ನಿಗಾ ಘಟಕದ ಬಾಗಿಲಲ್ಲಿ ಆಗುವ ತೀರ್ಮಾನ ನಿಜವಾಗಿ ಆ ಚೀಟಿಯನ್ನು ಮಡಿಸಿಟ್ಟ ದಿನವೇ ಆಗಿರುತ್ತದೆ.

ಆದ್ದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಒಂದು, ಝಕಾತ್ ಮತ್ತು ಸದಕಾ ನಿಧಿಯಲ್ಲಿ ಬಡ ಮಕ್ಕಳ ಚಿಕಿತ್ಸೆಗೆ ಒಂದು ಪಾಲನ್ನು ಮೊದಲೇ ತೆಗೆದಿಡೋಣ. ಕೊಡುವಾಗ ಯಾವ ಷರತ್ತೂ ಹಾಕದಿರೋಣ. ಎರಡು, ಪ್ರತಿ ಮೊಹಲ್ಲಾದಲ್ಲಿ ಓದು ಬಲ್ಲ ಇಬ್ಬರು, ಅವರಲ್ಲಿ ಒಬ್ಬರು ಹೆಣ್ಣುಮಗಳು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ಸಿದ್ಧರಿರಲಿ. ಅವರ ಕೆಲಸ ತೀರ್ಮಾನ ಮಾಡುವುದಲ್ಲ. ವೈದ್ಯರ ಮಾತನ್ನು ತಾಯಿಗೆ ಅವಳ ಭಾಷೆಯಲ್ಲಿ ತಿಳಿಸುವುದು, ಅವಳ ಪ್ರಶ್ನೆಯನ್ನು ವೈದ್ಯರಿಗೆ ಮುಟ್ಟಿಸುವುದು. ಮೂರು, ಪಡಿತರ ಚೀಟಿ, ಆಧಾರ್, ಆರೋಗ್ಯ ಕಾರ್ಡು ಸರಿಯಾಗಿವೆಯೇ ಎಂದು ಪ್ರತಿ ಮನೆಯಲ್ಲೂ ಈ ವರ್ಷವೇ ನೋಡಿಬಿಡೋಣ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ, ನರ್ಸ್ ಆಗುತ್ತೀರಿ, ಇನ್‌ಷಾ ಅಲ್ಲಾಹ್. ಎಲ್ಲರೂ ಒಂದಲ್ಲ ಒಂದು ದಿನ ಯಾರಾದರೊಬ್ಬರ ವಲೀ ಆಗುತ್ತೀರಿ. ಇಂದೇ ಮನೆಗೆ ಹೋಗಿ ಆರೋಗ್ಯ ತಂಡ ಕೊಟ್ಟ ಚೀಟಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿ. ಸಿಕ್ಕರೆ ಅಮ್ಮಿಗೂ ಅಬ್ಬಾಗೂ ಇಬ್ಬರಿಗೂ ಓದಿ ಹೇಳಿ.

ಅಲ್ಲಾಹನು ನಮ್ಮೆಲ್ಲರ ಮಕ್ಕಳನ್ನು ಆರೋಗ್ಯವಾಗಿಡಲಿ, ಅಮಾನತ್ತನ್ನು ಕಾಪಾಡುವ ಶಕ್ತಿಯನ್ನು ನಮಗೆ ಕೊಡಲಿ ಎಂದು ದುಆ ಮಾಡುತ್ತೇನೆ.