ಹೃದಯ ನಿಂತಾಗ ಮಾಡತಕ್ಕ ಹಸ್ತದಾಸೋಹ

(ಮಠದ ಮಹೋತ್ಸವ ಸಭೆಯಲ್ಲಿ ನೀಡಿದ ಉಪನ್ಯಾಸ)



ದಾಸೋಹವೆಂದೊಡನೆ ಅನ್ನದ ಪಂಕ್ತಿಯು ಕಣ್ಣಮುಂದೆ ನಿಲ್ಲುವುದು ಸಹಜವೇ ಸರಿ. ಆದರೆ ಅನ್ನವಿಲ್ಲದೆ ಮನುಷ್ಯನು ಹಲವು ದಿನ ಬದುಕಿಯಾನು. ಹೃದಯದ ಮಿಡಿತವಿಲ್ಲದೆ ಹತ್ತು ನಿಮಿಷ ಬದುಕುವುದೂ ದುರ್ಲಭ. ಆ ಹತ್ತು ನಿಮಿಷಗಳಲ್ಲಿ ಸಲ್ಲತಕ್ಕ ದಾಸೋಹವೊಂದುಂಟು. ಅದಕ್ಕೆ ಧನವೂ ಬೇಡ, ಪಾಂಡಿತ್ಯವೂ ಬೇಡ. ಎರಡು ಕೈಗಳು ಸಾಕು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ರಾತ್ರಿಪಾಳಿಯ ಕಾರ್ಮಿಕನು ಯಂತ್ರದ ಬಳಿ ಕುಸಿದುಬಿದ್ದನೆಂದು ಭಾವಿಸಿರಿ. ಒಬ್ಬನು ಮುಖಕ್ಕೆ ನೀರು ಚಿಮುಕಿಸುವನು, ಇನ್ನೊಬ್ಬನು ಕೈಗೆ ಬೀಗದ ಕೈ ಕೊಡುವನು, ಮತ್ತೊಬ್ಬನು ಆಟೋ ಅರಸುತ್ತ ಓಡುವನು. ಎದೆಯ ಮೇಲೆ ಕೈಯಿಡುವವನು ಮಾತ್ರ ಇಲ್ಲ. ವೈಟ್‌ಫೀಲ್ಡಿನಲ್ಲಿ 2001ರಿಂದ ಸತ್ಯಸಾಯಿ ಆಸ್ಪತ್ರೆಯಿದೆ. ಎಲೆಕ್ಟ್ರಾನಿಕ್ ಸಿಟಿಯ ಸಮೀಪದ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯವಿದೆ. 108ರ ವಾಹನಗಳು 2008ರಿಂದ ನಾಡಿನಲ್ಲಿ ಸಂಚರಿಸುತ್ತಿವೆ. ಆದರೂ ಬಿದ್ದವನಿಗೂ ಆಸ್ಪತ್ರೆಗೂ ನಡುವೆ ವಾಹನಗಳಿಂದ ಕಿಕ್ಕಿರಿದ ರಸ್ತೆಯುಂಟು. ಸುಮ್ಮನೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ಸುಮಾರು ಶೇಕಡಾ 7ರಿಂದ 10ರಷ್ಟು ಕುಗ್ಗುವುದೆಂದು ವೈದ್ಯಶಾಸ್ತ್ರವು ತಿಳಿಸುತ್ತದೆ.

ಸಿ.ಪಿ.ಆರ್. ಎನ್ನಿಸಿಕೊಂಡ ಈ ವಿದ್ಯೆಯಲ್ಲಿ ಎದೆಯೊತ್ತುವ ಕ್ರಮವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಮೂವರು 1960ರಲ್ಲಿ ಪ್ರಕಟಿಸಿದರು. ಅವರಲ್ಲಿ ಹಿರಿಯನಾದ ಕೌವೆನ್‌ಹೋವನ್ನನು ವೈದ್ಯನಲ್ಲ, ವಿದ್ಯುತ್ ಎಂಜಿನಿಯರು! ಯಂತ್ರಗಳೊಡನೆ ಬಾಳುವ ಪೀಣ್ಯದವರೂ ಎಲೆಕ್ಟ್ರಾನಿಕ್ ಸಿಟಿಯವರೂ ಇದನ್ನು ಅನ್ಯರ ವಿದ್ಯೆಯೆಂದು ಬಗೆಯಲಾಗದು. ಬಾಯಿಗೆ ಬಾಯಿಟ್ಟು ಉಸಿರೂದದೆ, ಬರಿಯ ಎದೆಯೊತ್ತುವ ಕ್ರಮವೊಂದನ್ನು ಭಾರತದ ಅರಿವಳಿಕೆ ವೈದ್ಯರು 2017ರಲ್ಲಿ ಸಾಮಾನ್ಯ ಜನರಿಗಾಗಿಯೇ ರೂಪಿಸಿದರು.

ಕ್ರಮವು ಇಂತಿದೆ. ವಿದ್ಯುತ್ತಿನ ಆಘಾತವಾಗಿದ್ದರೆ ಮುಟ್ಟುವ ಮೊದಲೇ ವಿದ್ಯುತ್ತನ್ನು ಕಡಿಯತಕ್ಕದ್ದು. ಭುಜ ತಟ್ಟಿ ಕರೆಯಬೇಕು. ಓಗೊಡದಿದ್ದರೆ, ಉಸಿರಿಲ್ಲದಿದ್ದರೆ ಅಥವಾ ಬಿಟ್ಟುಬಿಟ್ಟು ಏದುತ್ತಿದ್ದರೆ, ಹೃದಯ ನಿಂತಿತೆಂದೇ ತಿಳಿದು 108ಕ್ಕೆ ಕರೆಮಾಡಿಸಬೇಕು. ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿರಿಸಿ, ಮೊಣಕೈ ಬಾಗಿಸದೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರಿನಷ್ಟು ಒತ್ತಬೇಕು. ಪ್ರತಿ ಒತ್ತಿನ ಬಳಿಕ ಎದೆಯು ಪೂರ್ತಿ ಮೇಲೇಳಲಿ. ದಣಿವಾಗುವುದು ಖಂಡಿತ, ಆದಕಾರಣ ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೈಗೂಡಿಸಲಿ. ಎ.ಇ.ಡಿ. ಯಂತ್ರವು ಹತ್ತಿರದಲ್ಲಿದ್ದರೆ ಒಡನೆ ತರಿಸಲಿ. ನೀರಿನಲ್ಲಿ ಮುಳುಗಿದವರಿಗೂ ಮಕ್ಕಳಿಗೂ ಉಸಿರೂದುವುದು ಅಗತ್ಯ; ಅದನ್ನು ಬಲ್ಲವರಿಂದ ಕಲಿಯತಕ್ಕದ್ದು.

ಇಷ್ಟು ಸುಲಭವಾದುದನ್ನು ತಡೆಯುವುದಾವುದು? ಪಕ್ಕೆಲುಬು ಮುರಿದೀತೆಂಬ ಭಯ. ಮುರಿದ ಎಲುಬು ಕೂಡಿಕೊಳ್ಳುವುದು; ಹೋದ ಪ್ರಾಣ ಮರಳದು. ಅದಕ್ಕಿಂತ ಬಲವಾದುದು ಮುಟ್ಟುವ ಅಂಜಿಕೆ: ಬಿದ್ದವನು ಯಾರವನೋ, ಯಾವ ಜಾತಿಯವನೋ, ಹೆಣ್ಣಾದರೆ ಜನರೇನೆಂದಾರೋ! ಶರಣರು ಅಲ್ಲಗಳೆದ ಪಂಚಸೂತಕಗಳಲ್ಲಿ ಜಾತಿಸೂತಕವೂ ಮರಣಸೂತಕವೂ ಸೇರಿವೆಯಷ್ಟೆ. ಸಭೆಯಲ್ಲಿ ಸೂತಕವಿಲ್ಲವೆಂದು ಹೇಳಿ, ಬೀದಿಯಲ್ಲಿ ಕೈ ಹಿಂದೆಗೆದರೆ ಆ ಮಾತಿಗೇನು ಬೆಲೆ? ಬಿದ್ದವನು ಲಿಂಗಧಾರಿಯಾಗಿದ್ದರೆ ಎದೆಯ ಮೇಲಣ ಕರಡಿಗೆಯನ್ನು ಕಂಡು ಕೈ ಅಳುಕಬಹುದು. ಕಳಚಬೇಕಾಗಿಲ್ಲ, ಶಿವದಾರಸಹಿತ ಪಕ್ಕಕ್ಕೆ ಸರಿಸಿದರೆ ಸಾಕು.

ಇಂತು ಮಾಡಿದರೆ ಎಲ್ಲರೂ ಉಳಿಯುವರೆಂಬ ಭರವಸೆಯಿಲ್ಲ. ಮಾಡದಿದ್ದರೆ ಉಳಿಯುವವರೂ ಉಳಿಯರು. ಮಠದ ಪ್ರಸಾದನಿಲಯದ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಮ್ಮೆ ಬಲ್ಲವರ ಮುಂದೆ, ಬೊಂಬೆಯ ಮೇಲೆ ಇದನ್ನು ಅಭ್ಯಾಸಮಾಡಲಿ. ಲಿಂಗವನ್ನು ಹಿಡಿದ ಅಂಗೈಯೇ ಅಪರಿಚಿತನ ಎದೆಯ ಮೇಲೂ ಅಳುಕದೆ ಊರಲಿ. ಈ ಮಹೋತ್ಸವಕ್ಕೆ ಅದಕ್ಕಿಂತ ಮಿಗಿಲಾದ ಕಾಣಿಕೆಯಿಲ್ಲ.